ಎಡಗಡೆಯ ಸೀಟು

ಆರ್ಡಿತ್ ಸ್ಟ್ರೋಮ್ ಇಪ್ಪತ್ತೊಂಬತ್ತು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದ ಹೆಂಗಸು. ಪೂರ್ವ ಒರೆಗಾನ್‌ನ ಗೋಧಿ ಹೊಲಗಳ ನಡುವಿನ ರಸ್ತೆ ಜನವರಿಯಲ್ಲಿ ಗಾಜಿನಂತೆ ಹೆಪ್ಪುಗಟ್ಟಿದಾಗಲೂ ಬೆಳಗಿನ ಆರೂವರೆಗೆ ಅವಳ ಬಸ್ಸು ಮೊದಲ ಮನೆಯ ಮುಂದೆ ನಿಂತಿರುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಂದು ಮಗುವಿನ ಮೊಣಕಾಲೂ ತರಚಿರಲಿಲ್ಲ. ಹಿಂದಿನ ಸೀಟುಗಳಲ್ಲಿ ಗಲಾಟೆಯೆದ್ದರೆ ಅವಳು ಕೂಗುತ್ತಿರಲಿಲ್ಲ. ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ಒಮ್ಮೆ ದಿಟ್ಟಿಸಿದರೆ ಸಾಕು, ಎಲ್ಲವೂ ತೆಪ್ಪಗಾಗುತ್ತಿದ್ದವು.

ಗಂಡ ಲೈಲ್ ಟೆಲಿಫೋನ್ ಕಂಬ ಹತ್ತಿ ತಂತಿ ಬಿಗಿಯುವ ಕೆಲಸದವನು. ಮಕ್ಕಳಿರಲಿಲ್ಲ. ಇಬ್ಬರೂ ನಿವೃತ್ತರಾದ ವರ್ಷ ಮನೆ ಮಾರಿ, ಮೂವತ್ತೊಂದು ಅಡಿ ಉದ್ದದ ಮೋಟಾರು ಮನೆಯೊಂದನ್ನು ಕೊಂಡರು. ನೋಡಲು ಬಸ್ಸು, ಒಳಗೆ ಹಾಸಿಗೆ, ಒಲೆ, ಕಕ್ಕಸು, ಇಬ್ಬರು ಕೂತು ಉಣ್ಣುವಷ್ಟು ಮೇಜು. ಹೊರಡುವ ದಿನ ಆರ್ಡಿತ್ ಅಭ್ಯಾಸಬಲದಿಂದ ನೇರ ಹೋಗಿ ಎಡಗಡೆಯ ಸೀಟಿನಲ್ಲಿ, ಸ್ಟೀರಿಂಗ್ ಹಿಂದೆ ಕೂತುಬಿಟ್ಟಳು. ಲೈಲ್ ನಗುತ್ತ ಅವಳ ತೋಳು ಹಿಡಿದು ಎಬ್ಬಿಸಿದ.

“ಏಳೇ ಮಾರಾಯ್ತಿ. ಇಪ್ಪತ್ತೊಂಬತ್ತು ವರ್ಷ ರಸ್ತೆ ನೋಡಿದ್ದು ಸಾಕು. ಇನ್ಮೇಲೆ ಕಿಟಕಿ ನೋಡು.”

ಅದನ್ನು ಅವಳು ಉಡುಗೊರೆಯೆಂದೇ ತೆಗೆದುಕೊಂಡಳು. ಯಾರೂ ಅವಳಿಗೆ ಹಾಗೆ ‘ಸಾಕು’ ಅಂದಿರಲಿಲ್ಲ. ಬಲಗಡೆಯ ಸೀಟಿನಲ್ಲಿ ಕಾಲು ಮಡಚಿ ಕೂತು, ತೊಡೆಯ ಮೇಲೆ ನಕ್ಷೆ ಹರಡಿಕೊಂಡು, ಅವಳು ಮೂರು ಚಳಿಗಾಲಗಳನ್ನು ಸುಖವಾಗಿ ಕಳೆದಳು. ಅಕ್ಟೋಬರಿನಲ್ಲಿ ಯೂಟಾದ ಕೆಂಪು ಬಂಡೆಗಳ ರಾಷ್ಟ್ರೀಯ ಉದ್ಯಾನಗಳು, ಚಳಿ ಏರಿದಂತೆ ದಕ್ಷಿಣಕ್ಕೆ ಇಳಿದು ಅರಿಝೋನಾ, ಫೆಬ್ರವರಿಗೆ ಕ್ಯಾಲಿಫೋರ್ನಿಯಾದ ಮರುಭೂಮಿ. ನಡುವೆ ಸಣ್ಣ ಊರುಗಳು: ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಯಂತ್ರಗಳ ಅಂಗಡಿ, ಪಕ್ಕದಲ್ಲೇ ಸೇಬಿನ ಪೈ ಮಾರುವ ಹೋಟೆಲು, ಹಳೇ ಸಾಮಾನಿನ ಅಂಗಡಿ. ಬಟ್ಟೆ ಒಣಗುವ ಹೊತ್ತಿಗೆ ಊರೆಲ್ಲ ಸುತ್ತಿ ಮುಗಿದಿರುತ್ತಿತ್ತು.

ಮೂರನೆಯ ಚಳಿಗಾಲದಲ್ಲಿ ಲೈಲ್ ಒಂದು ಆಟ ಶುರುಮಾಡಿದ. “ಬೋರ್ಡ್ ಬಂದ್ರೆ ಜೋರಾಗಿ ಓದು ಆರ್ಡಿ. ನಿನ್ನ ದನಿ ಕೇಳ್ತಾ ಓಡಿಸೋದು ಖುಷಿ.” ಅವಳು ಓದಿದಳು. ವೇಗದ ಮಿತಿ, ತಿರುವು, ಮುಂದಿನ ಊರು ಎಷ್ಟು ಮೈಲಿ, ಕೆಂಪು ದೀಪ, ಹಸಿರು ದೀಪ. ಮದುವೆಯಾಗಿ ನಲವತ್ತೊಂದು ವರ್ಷದ ಮೇಲೆ ಗಂಡನಿಗೆ ತನ್ನ ದನಿ ಬೇಕಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದಳು ಕೂಡ. ಹೋಟೆಲಿನಲ್ಲಿ ಅವನು “ಕನ್ನಡಕ ಗಾಡೀಲೇ ಬಿಟ್ಟೆ, ನೀನೇ ಓದಿ ಹೇಳು” ಅಂದಾಗ, ಕಾಫಿ ಲೋಟದ ಆಚೆಗೆ ಸುರಿದಾಗ, ಪಕ್ಕದ ಗಾಡಿಯವನು ಕೈಬೀಸಿದರೂ ಸುಮ್ಮನಿದ್ದಾಗ, ವಯಸ್ಸಾಯಿತು ಅಂದುಕೊಂಡಳು. ಅಷ್ಟಕ್ಕೇ ಬಿಟ್ಟಳು.

ನಾಲ್ಕನೆಯ ಚಳಿಗಾಲದ ಜನವರಿ. ಅರಿಝೋನಾದ ದಕ್ಷಿಣ ಗಡಿಗೆ ಹತ್ತಿರದ ಕಳ್ಳಿಗಳ ಉದ್ಯಾನದಲ್ಲಿ ಹತ್ತು ದಿನ ಇದ್ದು, ನೀರು ತುಂಬಿಸಲೆಂದು ಉತ್ತರಕ್ಕೆ, ಅಜೋ ಎಂಬ ಊರಿನ ಕಡೆಗೆ ಹೊರಟಿದ್ದರು. ನಡುಮಧ್ಯಾಹ್ನ. ಉಂಡ ಮಂಪರಿನಲ್ಲಿ ಆರ್ಡಿತ್‌ಗೆ ಕಣ್ಣು ಹತ್ತಿತ್ತು. ಎಚ್ಚರವಾದಾಗ ಎದುರಿಗೆ ರಸ್ತೆ ದುರಸ್ತಿಗೆಂದು ಇಟ್ಟ ಕಿತ್ತಳೆ ಬಣ್ಣದ ಪೀಪಾಯಿಗಳ ಸಾಲು, ಅದರ ತುದಿಯಲ್ಲಿ ‘ನಿಲ್ಲಿ’ ಎಂಬ ಫಲಕ ಹಿಡಿದು ನಿಂತ ಹೆಂಗಸು. ಗಾಡಿ ಗಂಟೆಗೆ ಐವತ್ತು ಮೈಲಿ ವೇಗದಲ್ಲಿತ್ತು. ಲೈಲ್ ಶಿಳ್ಳೆ ಹಾಕುತ್ತಿದ್ದ.

“ಲೈಲ್! ಬ್ರೇಕ್! ಬ್ರೇಕ್ ಹಾಕೋ!”

ಆ ಹೆಂಗಸು ಫಲಕ ಬಿಸಾಕಿ ಚರಂಡಿಗೆ ಹಾರಿದಳು. ಪೀಪಾಯಿಗಳು ಒಂದರ ಮೇಲೊಂದು ಧಡಧಡನೆ ಮುಂಭಾಗಕ್ಕೆ ಬಡಿದವು. ಒಳಗೆ ಕಪಾಟು ತೆರೆದು ತಟ್ಟೆಗಳೆಲ್ಲ ನೆಲಕ್ಕೆ ಬಿದ್ದವು. ಗಾಡಿ ನಿಂತಿತು. ಫಲಕದ ಹೆಂಗಸು ನಿಂತಿದ್ದ ಜಾಗವನ್ನು ದಾಟಿ, ಇಪ್ಪತ್ತು ಹೆಜ್ಜೆ ಆಚೆಗೆ.

ಆ ಹೆಂಗಸು ಎದ್ದು ಬಂದಳು. ಐವತ್ತರ ಆಸುಪಾಸು, ಕುಳ್ಳಗೆ, ಮೈಯೆಲ್ಲ ಧೂಳು. ಬಲಗೈಯನ್ನು ಎದೆಗೆ ಒತ್ತಿಹಿಡಿದಿದ್ದಳು. ಟೋಪಿಯ ಮೇಲೆ ಎರ್ಲಿಂಡಾ ಎಂದು ಬರೆದಿತ್ತು.

“ಕಣ್ಣು ಕಾಣಲ್ವೇನ್ರೀ ನಿಮಗೆ?” ಬಿದ್ದಿದ್ದ ಫಲಕವನ್ನು ಎಡಗೈಯಿಂದ ತೋರಿಸಿದಳು. “ಇಷ್ಟು ದೊಡ್ಡ ಬೋರ್ಡು! ಕಿತ್ತಳೆ ಅಂಗಿ ಹಾಕ್ಕೊಂಡು ಮನುಷ್ಯಳು ನಿಂತಿದೀನಿ!”

“ಬಿಸಿಲಮ್ಮಾ,” ಎಂದ ಲೈಲ್. “ಬಿಸಿಲು ಸೀದಾ ಕಣ್ಣಿಗೆ ಹೊಡೀತಿತ್ತು.”

ಬಿಸಿಲು ಅವರ ಬೆನ್ನ ಹಿಂದೆ ಇತ್ತು. ಗಾಡಿಯ ನೆರಳು ಮುಂದೆ ಬಿದ್ದಿತ್ತು. ಎರ್ಲಿಂಡಾ ಆರ್ಡಿತ್ ಕಡೆ ತಿರುಗಿದಳು. ಅಷ್ಟರಲ್ಲಿ ಅವಳ ಮೇಲ್ವಿಚಾರಕನೂ ಓಡಿಬಂದು ಪುಸ್ತಕ ತೆಗೆದು ನಿಂತಿದ್ದ. ಎಲ್ಲರೂ ತನ್ನ ಬಾಯನ್ನೇ ನೋಡುತ್ತಿದ್ದಾರೆ ಎಂದು ಆರ್ಡಿತ್‌ಗೆ ಅನಿಸಿತು.

“ಹೌದು,” ಎಂದಳು. “ಬಿಸಿಲಿತ್ತು.”

ಮೇಲ್ವಿಚಾರಕ ಗಾಡಿಯ ನಂಬರು ಬರೆದುಕೊಂಡು, ನಾಲ್ಕು ಮಾತು ಬೈದು ಬಿಟ್ಟ. ಅಜೋ ತನಕ ಉಳಿದ ಹದಿನೈದು ಮೈಲಿ ಆರ್ಡಿತ್ ಒಂದೇ ಒಂದು ಬೋರ್ಡನ್ನೂ ಬಿಡದೆ ಓದಿದಳು. ಈ ಸಲ ಅದು ಆಟವಾಗಿರಲಿಲ್ಲ. ಅವನ ಕೈಗಳು ಯಾವಾಗ ತಿರುಗುತ್ತವೆ ಎಂದು ನೋಡಿದಳು. ಅವಳು ಓದಿದ ಮೇಲಷ್ಟೇ ತಿರುಗುತ್ತಿದ್ದವು.

ಊರ ಹೊರಗಿನ ತಂಗುದಾಣದಲ್ಲಿ ಗಾಡಿ ನಿಲ್ಲಿಸಿ, ಒಡೆದ ತಟ್ಟೆ ಗುಡಿಸಿ, ಬೀನ್ಸ್ ಬೇಯಿಸಿ ಮೇಜಿಗಿಟ್ಟಳು. ಇನ್ನೂ ಒಳ್ಳೆಯ ಬೆಳಕಿತ್ತು. ಅವನೆದುರು ಕೂತು ಸುಮ್ಮನೆ ನೋಡಿದಳು. ಆಮೇಲೆ ಬಸ್ಸಿನ ಮಕ್ಕಳು ಅವಳ ಬೆನ್ನ ಹಿಂದೆ ಮಾಡುತ್ತಿದ್ದ ಹಾಗೆ, ಮೆಳ್ಳಗಣ್ಣು ಮಾಡಿ ನಾಲಿಗೆ ಉದ್ದಕ್ಕೆ ಚಾಚಿದಳು. ಲೈಲ್ ನೇರವಾಗಿ ಅವಳ ಮುಖವನ್ನೇ ನೋಡುತ್ತಿದ್ದ.

“ಉಪ್ಪು ಒಂಚೂರು ಕಮ್ಮಿ ಆಯ್ತು ಕಣೇ,” ಎಂದ.

ಆರ್ಡಿತ್ ನಾಲಿಗೆ ಒಳಗೆ ಎಳೆದುಕೊಂಡಳು. “ಲೈಲ್, ನನ್ನ ಮುಖ ಕಾಣಿಸ್ತಿದೆಯಾ ನಿಂಗೆ?”

ಅವನು ಚಮಚ ಕೆಳಗಿಟ್ಟ. ಸುಳ್ಳು ಹೇಳುತ್ತಾನೆ ಅಂದುಕೊಂಡಳು. ಹೇಳಲಿಲ್ಲ.

“ಕೂದಲು ಕಾಣತ್ತೆ. ಕಿವಿ ಕಾಣತ್ತೆ. ನಡುವೆ ಬೂದಿ ಬಣ್ಣದ್ದು ಒಂದು ಮಚ್ಚೆ. ಕತ್ತು ಓರೆ ಮಾಡಿದ್ರೆ ಒಂಚೂರು ಸಿಗ್ತೀಯ.”

“ಯಾವಾಗಿಂದ?”

“ಹೋದ ಬೇಸಿಗೆಯ ಹಿಂದಿನ ಬೇಸಿಗೆ. ಡಾಕ್ಟ್ರು ಆವತ್ತೇ ಹೇಳಿದ್ರು, ಗಾಡಿ ಮುಟ್ಟಬೇಡ ಅಂತ.”

ಒಂದೂವರೆ ವರ್ಷ. ಅಷ್ಟು ದಿನದ ರಸ್ತೆಗಳೆಲ್ಲ ಅವಳ ಕಣ್ಣ ಮುಂದೆ ಸುರುಳಿ ಬಿಚ್ಚಿದವು. ಯೂಟಾದ ಒಂದು ಸಣ್ಣ ಊರಿನಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ, ಮುಂದೆ ಹಳದಿ ಬಸ್ಸು ಕೆಂಪು ದೀಪ ಮಿಣುಕಿಸುತ್ತ ನಿಂತಿತ್ತು. ಅವಳು “ಬಸ್ಸು ನಿಂತಿದೆ” ಎಂದಿದ್ದಳು, ಲೈಲ್ ನಿಲ್ಲಿಸಿದ್ದ. ಏಳೋ ಎಂಟೋ ಮಕ್ಕಳು ರಸ್ತೆ ದಾಟಿದ್ದವು. ಆವತ್ತು ಕೂಡ ಹೊಟ್ಟೆತುಂಬ ಉಂಡು ಮಂಪರು ಹತ್ತಿತ್ತು. ಕಣ್ಣು ಮುಚ್ಚಿರಲಿಲ್ಲ, ಅಷ್ಟೇ.

“ನನ್ನ ಹತ್ರ ಹೇಳೋಕೇನಾಗಿತ್ತು ನಿಂಗೆ?” ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. “ನಾನು ಓಡಿಸ್ತಿದ್ದೆನಲ್ಲೋ! ನನಗೆ ಅದೊಂದು ಬಿಟ್ಟು ಇನ್ನೇನು ಬರತ್ತೆ?”

“ನಿನ್ನ ಕೈಲಿ ಓಡಿಸೋಕಾ ಇದನ್ನ ತಗೊಂಡಿದ್ದು? ನಿನಗೆ ರಜ ಕೊಡ್ತೀನಿ ಅಂದಿದ್ದೆ. ಹೇಳಿದ್ರೆ ತಿರುಗಾಟ ನಿಂತುಹೋಗ್ತಿತ್ತು. ನಿಲ್ಲೋಕೆ ನಮಗೆ ಮನೆ ಎಲ್ಲಿದೆ?”

“ಅವಳು ಸತ್ತಿದ್ರೆ?”

“ಸತ್ತಿಲ್ವಲ್ಲ.”

“ಸತ್ತಿದ್ರೆ, ಲೈಲ್?”

ಅವನು ಎದ್ದು ಹಿಂದಿನ ಹಾಸಿಗೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಗಾಡಿಯ ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಕೇಳಿದರೂ ಕೊಡಲಿಲ್ಲ.

ಬೆಳಿಗ್ಗೆ ಆರ್ಡಿತ್ ಹೊರಗೆ ಹೋಗಿ ನೀರಿನ ಕೊಳವೆ ಬಿಚ್ಚುತ್ತಿದ್ದಳು. ಇಂಜಿನ್ ಗುರ್ರೆಂದಿತು. ತಲೆಯೆತ್ತಿದರೆ ಲೈಲ್ ಎಡಗಡೆಯ ಸೀಟಿನಲ್ಲಿ ಕೂತಿದ್ದಾನೆ. ಗಡ್ಡ ಬೋಳಿಸಿದ್ದ, ಒಗೆದ ಅಂಗಿ ತೊಟ್ಟಿದ್ದ. ಏನೂ ಆಗಿಲ್ಲವೆಂಬಂತೆ, ಗಾಡಿಯನ್ನು ರಸ್ತೆಯಂಚಿಗೆ ತಂದು ಅವಳನ್ನು ಹತ್ತಿಸಿಕೊಂಡು ಹೊರಟುಬಿಡುವುದು ಅವನ ಯೋಚನೆ. ಅವಳು ಕೊಳವೆ ಬಿಸಾಕಿ ಓಡಿಹೋಗಿ ಗಾಡಿಯ ಮುಂದೆ, ನಟ್ಟನಡುವೆ, ಎರಡು ಕೈ ಸೊಂಟಕ್ಕಿಟ್ಟು ನಿಂತಳು. ದೊಡ್ಡ ಗಾಜಿನ ಆಚೆಯಿಂದ ಅವನು ನೇರ ಅವಳನ್ನೇ ನೋಡಿದ. ಇನ್ನು ಬೈಗುಳ ಶುರುವಾಗುತ್ತದೆ ಅಂದುಕೊಂಡಳು.

ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನು ಬ್ರೇಕ್ ಬಿಟ್ಟ.

ಗಾಡಿ ಒಂದು ಅಡಿ ಮುಂದೆ ಬಂತು. ಆರ್ಡಿತ್ ನಿಂತಲ್ಲೇ ನಿಂತಿದ್ದಳು. ಅವನು ನಗುವ ಹಾಗಿದ್ದ. ಪ್ರಯಾಣ ಶುರುವಾಗುವಾಗ ಯಾವಾಗಲೂ ಇರುತ್ತಿದ್ದ ಮುಖ ಅದು. ಇನ್ನೊಂದು ಅಡಿ. ತಗಡು ಅವಳ ಎದೆಗೆ ತಾಗಿದಾಗ ಕೈ ತಾನಾಗಿ ಮೇಲೆದ್ದು ಅಂಗೈಯಿಂದ ದಬದಬ ಬಡಿಯಿತು.

ಗಾಡಿ ಗಕ್ಕನೆ ನಿಂತಿತು. ಲೈಲ್ ಕತ್ತು ಓರೆ ಮಾಡಿದ. ಆಗ ಅವಳು ಅವನಿಗೆ ಸಿಕ್ಕಳು.

ಅವಳು ಒಳಗೆ ಹತ್ತಿ ಬರುವಷ್ಟರಲ್ಲಿ ಅವನು ಬಲಗಡೆಯ ಸೀಟಿಗೆ ಸರಿದು ಕೂತಿದ್ದ. ಎರಡೂ ಕೈ ತೊಡೆಯ ನಡುವೆ ಅದುಮಿ ಹಿಡಿದಿದ್ದ. ನಲವತ್ತು ಅಡಿ ಕಂಬದ ತುದಿಯಲ್ಲಿ ಹಿಮಗಾಳಿಗೆ ನಡುಗದ ಕೈಗಳು. ಅವಳು ಎಡಗಡೆಯ ಸೀಟಿನಲ್ಲಿ ಕೂತಳು. ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿ, ಬೆಲ್ಟು ಬಿಗಿದಳು.

“ಎಲ್ಲಿಗೆ?” ಎಂದ ಅವನು.

“ವಾಪಸ್. ಆ ಹೆಂಗಸಿನ ಹತ್ರ.”

“ಹೋಗಿ ಏನು ಹೇಳ್ತೀಯ?”

“ಇದ್ದದ್ದು.”

ಎರ್ಲಿಂಡಾ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಅದೇ ಜಾಗದಲ್ಲಿ ನಿಂತಿದ್ದಳು. ಫಲಕ ಎಡಗೈಯಲ್ಲಿತ್ತು. ಗಾಡಿ ಕಂಡವಳೇ ಎರಡು ಹೆಜ್ಜೆ ಹಿಂದೆ ಸರಿದಳು. ಆರ್ಡಿತ್ ಬದಿಗೆ ನಿಲ್ಲಿಸಿ ಇಳಿದು ಹೋದಳು. ಗಂಡನ ಕಣ್ಣಿನ ಸಂಗತಿ ಹೇಳಿದಳು. ಬಿಸಿಲು ಹಿಂದೆ ಇತ್ತೆಂಬುದೂ ತನಗೆ ಗೊತ್ತಿತ್ತು ಎಂದಳು.

ಎರ್ಲಿಂಡಾ ಕೇಳಿಸಿಕೊಂಡಳು. “ನನಗೆ ಮೂರು ಜನ ಹೆಣ್ಣುಮಕ್ಕಳು. ನಿನ್ನೆ ಮನೆಗೆ ಹೋಗಿ ಜಾರಿ ಬಿದ್ದೆ ಅಂದೆ. ಯಾರೋ ಮುದುಕ ಇನ್ನೇನು ಕೊಂದೇಬಿಡ್ತಿದ್ದ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬಿಡಲ್ಲ ಅವ್ರು.”

“ತಪ್ಪಾಯ್ತು.”

“ಅವನದು ಕಣ್ಣಿನ ಕಾಯಿಲೆ. ನಿನ್ನದೇನಮ್ಮಾ? ನೀನೂ ಬಿಸಿಲು ಅಂದೆಯಲ್ಲ.”

“ನಿಮ್ಮ ಮೇಲ್ವಿಚಾರಕರಿಗೂ ಹೇಳ್ತೀನಿ. ಅವರು ಏನು ಬರ್ಕೋಬೇಕೋ ಬರ್ಕೊಳ್ಲಿ.”

“ಹೇಳು. ಆ ಕಡೆ ಟ್ರಕ್ಕಿನ ಹತ್ರ ಇದಾನೆ.” ಎರ್ಲಿಂಡಾ ರಸ್ತೆಯ ಕಡೆ ತಿರುಗಿದಳು. “ಗಾಡಿ ಇನ್ನೊಂಚೂರು ಪಕ್ಕಕ್ಕೆ ಹಾಕು. ಹಿಂದೆ ಜನ ಬರ್ತಿದಾರೆ.”

ಕ್ಷಮಿಸಿದೆ ಎಂಬ ಮಾತು ಬರಲಿಲ್ಲ. ಆರ್ಡಿತ್ ಅದನ್ನು ಕೇಳಲೂ ಇಲ್ಲ.

ಲೈಲ್‌ನ ಲೈಸೆನ್ಸು ಆ ತಿಂಗಳೇ ಹೋಯಿತು. ಕಚೇರಿಯ ಕಿಟಕಿಯಲ್ಲಿ ಅವನೇ ಅದನ್ನು ಒಳಗೆ ತಳ್ಳಿದ; ಕೆಲಸದ ಹುಡುಗಿ ‘ಥ್ಯಾಂಕ್ಸ್’ ಅಂದಿದ್ದಕ್ಕೆ ಮುಖ ತಿರುಗಿಸಿ ಹೊರಟುಬಂದ. ಆ ಚಳಿಗಾಲ ಪೂರ್ತಿ ಅವನು ಉದ್ಯಾನಗಳಲ್ಲಿ ಕೆಳಗೇ ಇಳಿಯಲಿಲ್ಲ. ಆರ್ಡಿತ್ ಒಬ್ಬಳೇ ಸಂಜೆ ಕಳ್ಳಿಗಳ ನಡುವೆ ನಡೆದು ಬರುತ್ತಿದ್ದಳು. ಹಿಂದಿರುಗಿದರೆ ದೀಪವನ್ನೂ ಹಾಕದೆ ಕೂತಿರುತ್ತಿದ್ದ. ಎಲ್ಲಾದರೂ ಊರಿನಲ್ಲಿ ಬಾಡಿಗೆ ಮನೆ ಹಿಡಿಯೋಣವೇ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಅವನು, “ಓಡಿಸೋಳು ನೀನು. ನಿನ್ನಿಷ್ಟ,” ಎಂದ.

ಅವಳು ನಿಲ್ಲಿಸಲಿಲ್ಲ. ಓಡಿಸುವುದು ಅವಳಿಗೆ ಇನ್ನೂ ಇಷ್ಟವಾಗಿತ್ತು. ಅದೇ ಅವಳನ್ನು ಚುಚ್ಚುತ್ತಿತ್ತು ಕೂಡ. ಮೊದಲ ದಿನ ಸ್ಟೀರಿಂಗ್ ಹಿಡಿದಾಗ, ಅಷ್ಟೆಲ್ಲ ಆದ ಮೇಲೂ, ಬೆರಳುಗಳಿಗೆ ಮನೆಗೆ ಬಂದಂತಾಗಿತ್ತು. ಅದನ್ನು ಲೈಲ್‌ಗೆ ಅವಳು ಇವತ್ತಿಗೂ ಹೇಳಿಲ್ಲ.

ಇದಾಗಿ ಆರು ವರ್ಷ. ಆರ್ಡಿತ್‌ಗೆ ಈಗ ಎಪ್ಪತ್ತನಾಲ್ಕು. ಲೈಲ್‌ಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ, ಆದರೆ ಚಕ್ರದ ಸದ್ದಿನಿಂದಲೇ ಏರು ಇಳಿವು ತಿಳಿಯುತ್ತಾನೆ. “ಗೇರ್ ಇಳಿಸು, ಬ್ರೇಕ್ ಸುಡ್ತಿದೀಯ,” ಎಂದು ಪಕ್ಕದಿಂದ ಗೊಣಗುತ್ತಾನೆ. “ಮಕ್ಕಳನ್ನ ಕೂರಿಸ್ಕೊಂಡು ಮಂಜುಗಡ್ಡೆ ಮೇಲೆ ಓಡಿಸಿದೋಳು ಕಣೋ ನಾನು, ಬಾಯ್ಮುಚ್ಕೊಂಡು ಕೂತ್ಕೋ ಮುದುಕಾ,” ಎನ್ನುತ್ತಾಳೆ ಅವಳು. ಹೀಗೆ ಜಗಳ ಶುರುವಾದ ದಿನವೇ ಅವರ ನಡುವೆ ಮಾತು ಹೆಚ್ಚು. ಉಳಿದ ದಿನ ಕಡಿಮೆ.

ಕಳೆದ ನವೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಒಂದು ತಂಗುದಾಣದಲ್ಲಿ ಪಕ್ಕದ ಗಾಡಿಯ ಹೆಂಗಸೊಬ್ಬಳು ಈ ಕಥೆಯನ್ನೆಲ್ಲ ಕೇಳಿ, “ಅವರು ನಿಮ್ಮನ್ನ ಕ್ಷಮಿಸಿದ್ರಾ, ಸೀಟು ಕಿತ್ಕೊಂಡಿದ್ದಕ್ಕೆ?” ಎಂದಳು.

“ನಾನು ಕೇಳಿಲ್ಲ,” ಎಂದಳು ಆರ್ಡಿತ್. “ನಾನು ಅವನನ್ನ ಕ್ಷಮಿಸಿದೀನಾ ಅಂತ ಅವನೂ ಕೇಳಿಲ್ಲ.”

ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ಹೊರಡಬೇಕಿತ್ತು. ಹತ್ತರ ಮೇಲೆ ಆ ಬಯಲಿನಲ್ಲಿ ಗಾಳಿ ಏಳುತ್ತದೆ, ಎತ್ತರದ ಗಾಡಿಗೆ ಒಳ್ಳೆಯದಲ್ಲ. ಅವಳು ಕುರ್ಚಿ ಮಡಚಿ ಒಳಗಿಟ್ಟು, ಟೈರುಗಳನ್ನು ಒಂದೊಂದಾಗಿ ಒದ್ದು ನೋಡಲು ಹೋದಳು.