ಕಣ್ಣಿಗೊತ್ತಿಕೊಂಡ ಪಿಸ್ತೂಲು

ನನ್ನ ಗಂಡ ಪಿಸ್ತೂಲು ಕೊಳ್ಳುವ ವಿಚಾರ ತೆಗೆದಾಗ ನಾನು ನಕ್ಕುಬಿಟ್ಟಿದ್ದೆ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂಬದಿಯ ನಮ್ಮ ಫ್ಲ್ಯಾಟಿನಲ್ಲಿ ಇಸ್ತ್ರಿ ಮೇಜು ಬಿಡಿಸಿದರೆ ಬಾಗಿಲು ತೆರೆಯುವುದಿಲ್ಲ, ಇನ್ನು ಪಿಸ್ತೂಲು ಎಲ್ಲಿಡುವುದು?

"ಮನೆಗೆ ತರುವುದಲ್ಲ ಮಾರಾಯ್ತಿ. ಅದು ಕ್ಲಬ್ಬಿನ ಕಪಾಟಿನಲ್ಲೇ ಇರುವುದು. ಪೊಲೀಸರ ಪರ್ಮಿಶನ್ ಬೇಕು, ಅದೆಲ್ಲ ಅವರೇ ನೋಡಿಕೊಳ್ತಾರೆ. ರಜೆ ದಿವಸ ಹೋಗಿ ನಾಲ್ಕು ಗುಂಡು ಹಾರಿಸಿ ಬರುವುದು, ಅಷ್ಟೇ."

ಇವರಿಗೆ ಈ ಆಸೆ ಇಲ್ಲಿ ಹುಟ್ಟಿದ್ದಲ್ಲ. ಬೆಳ್ತಂಗಡಿ ಕಡೆಯ ಅವರ ಮನೆಯಲ್ಲಿ ಕಾಡುಹಂದಿ ಓಡಿಸಲು ಒಂದು ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕಿತ್ತು. ಮುಗಿದ ಮೇಲೆ ಮಾವ ಅದನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದುದನ್ನು, ಮದುವೆಯಾಗಿ ಹೆಣ್ಣು ಮನೆಗೆ ಬಂದಷ್ಟೇ ಸಂಭ್ರಮದಿಂದ ಇವರು ಹೇಳುತ್ತಾರೆ. ಆಯುಧ ಪೂಜೆಯ ದಿನ ಕೋವಿಗೆ ಕುಂಕುಮ ಹಚ್ಚಿ, ಮಾವ ಅದನ್ನು ಮಗನ ಕೈಗೆ ಕೊಡುವರು. ಮಗ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಬೇಕು. ಮಾವ ತೀರಿದ ಮೇಲೆ ಲೈಸೆನ್ಸ್ ಇವರ ಹೆಸರಿಗೆ ಬರಲಿಲ್ಲ. ಕೋವಿ ಠಾಣೆಗೆ ಹೋದದ್ದು ಹಿಂದಿರುಗಲಿಲ್ಲ. ಅದನ್ನು ಒಪ್ಪಿಸಿದ ದಿನ ಇವರು ಅಬುಧಾಬಿಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದರು.

ಕೆಳಗಿನ ಮಹಡಿಯ ಕೊಂಕಣಿ ಸ್ನೇಹಿತರೊಬ್ಬರು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ಸುದ್ದಿ ಕೇಳಿ ಇವರ ಕಾಲೆಳೆದರು. "ಅಬುಧಾಬಿಯಲ್ಲಿ ಹಂದಿ ಎಲ್ಲುಂಟು ಮಾರಾಯ್ರೇ? ನಮ್ಮ ವಾಚ್‌ಮನ್ ಒಬ್ಬ ಉಂಟು, ಅವನನ್ನು ಬಿಟ್ಟುಬಿಡಿ, ಪಾಪ."

"ನಿಮ್ಮಿಂದಲೇ ಶುರು ಮಾಡುವಾ ಅಂತ ಉಂಟು. ಮೊದಲು ನನ್ನ ಡ್ರಿಲ್ ಮೆಷಿನ್ ವಾಪಸ್ ಕೊಡಿ," ಎಂದರು ಇವರು. ಎಲ್ಲರೂ ನಕ್ಕೆವು.

ಕ್ಲಬ್ಬು ದುಬೈಯ ಅಂಚಿನಲ್ಲಿತ್ತು. ಪಿಸ್ತೂಲು ಆರಿಸುವಾಗ ಜೊತೆಗಿರಲಿ ಎಂದು ನನ್ನನ್ನೂ ಕರೆದೊಯ್ದರು. ಸೀರೆಯಂಗಡಿಗೆ ನಾನು ಇವರನ್ನು ಎಳೆದೊಯ್ದದ್ದಕ್ಕೆ ಇದು ಸೇಡು ಎಂದು ತಮಾಷೆ ಮಾಡಿದರು. ತರಬೇತಿ ಕೊಡುವವಳು ಈಜಿಪ್ಟಿನವಳು, ನನ್ನದೇ ವಯಸ್ಸಿನ ಗಟ್ಟಿಮುಟ್ಟಾದ ಹೆಂಗಸು. ಮೇಜಿನ ಮೇಲೆ ಮೂರು ಪಿಸ್ತೂಲುಗಳನ್ನು ಇಟ್ಟಿದ್ದಳು. ಇವರ ಕಣ್ಣು ನೇರ ದೊಡ್ಡದರ ಮೇಲೆ ಹೋಯಿತು.

"ಚಂದ ನೋಡಿ ತೆಗೆಯಬೇಡಿ," ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. "ಕಣ್ಣು ಮುಚ್ಚಿ ಗುರಿ ಹಿಡಿಯಿರಿ. ಆಮೇಲೆ ಕಣ್ಣು ಬಿಡಿ. ಪಿಸ್ತೂಲು ತನ್ನಷ್ಟಕ್ಕೆ ಗುರಿಯ ನೇರಕ್ಕೆ ಬಂದು ನಿಂತಿದ್ದರೆ ಅದು ನಿಮ್ಮ ಕೈಯದು."

ದೊಡ್ಡದು ಇವರ ಕೈಯಲ್ಲಿ ಮೂಗು ಕೆಳಗೆ ಮಾಡಿ ನಿಂತಿತು. ಹಾರಿಸಿದಾಗ ಮೊಣಕೈವರೆಗೂ ಜಗ್ಗಿತು. ಎರಡನೆಯದರ ಹಿಡಿ ಎಷ್ಟು ಗಿಡ್ಡವೆಂದರೆ ಕಿರುಬೆರಳಿಗೆ ಜಾಗವೇ ಇಲ್ಲ. ಚಾ ಕುಡಿಯುವ ಮೇಮ್‌ಸಾಹೇಬರ ಹಾಗೆ ಬೆರಳು ಹೊರಗೆ ನಿಂತದ್ದನ್ನು ತೋರಿಸಿ ನಾನು ನಕ್ಕೆ. ಮೂರನೆಯದು ಸಣ್ಣ ಗುಂಡಿನದು, ಹೊಸಬರಿಗೆ ಒಳ್ಳೆಯದು ಎಂದಳು ಅವಳು. ಇವರು ಕಣ್ಣು ಮುಚ್ಚಿ ಎತ್ತಿ ಹಿಡಿದು, ಕಣ್ಣು ಬಿಟ್ಟು, ನನ್ನ ಕಡೆ ನೋಡಿದರು. ಅಷ್ಟು ಸಂತೋಷದ ಮುಖವನ್ನು ನಾನು ಮಗಳು ಹುಟ್ಟಿದ ದಿನ ನೋಡಿದ್ದೆ.

ಅವಳು ಅದಕ್ಕೆ ಐದು ಗುಂಡು ತುಂಬಿಕೊಟ್ಟಳು. ಇವರು ಹಾರಿಸಿದರು. ನಾನು ಲೆಕ್ಕ ಇಡಲಿಲ್ಲ. ಇವರು ಇಟ್ಟಿದ್ದರು, ಆದರೆ ತಪ್ಪಿ ಐದೆಂದು ಎಣಿಸಿದ್ದರು. ಹಾರಿಸಿದ್ದು ನಾಲ್ಕು. ಹಿಡಿಯೊಳಗಿನಿಂದ ಗುಂಡಿನ ಮ್ಯಾಗಜೀನನ್ನು ಹೊರಗೆಳೆದು ನೋಡಿದರು. ಅದು ಖಾಲಿ. ಐದನೆಯ ಗುಂಡು ಆಗಲೇ ಮೇಲೆ ಹತ್ತಿ ನಳಿಗೆಯ ಬುಡದಲ್ಲಿ ಕೂತಿತ್ತು. ಊರಿನ ಮನೆಯ ಕೋವಿಯಲ್ಲಿ ಹಾಗೆ ಅಡಗಲು ಜಾಗವೇ ಇರಲಿಲ್ಲವಂತೆ. ಅದನ್ನು ನಡುವಿಗೆ ಮಡಚಿ, ಗುಂಡಿನ ತೋಟೆ ತೆಗೆದು, ನಳಿಗೆಯ ಆಚೆ ತುದಿಯ ಬೆಳಕು ಕಂಡ ಮೇಲೆಯೇ ಮಾವ ಕೈಗೆ ಕೊಡುತ್ತಿದ್ದರು. ಕಣ್ಣಿಗೊತ್ತಿಕೊಳ್ಳುವ ಕೋವಿ ಯಾವಾಗಲೂ ಬಾಯಿ ತೆರೆದ ಕೋವಿ.

ತರಬೇತಿಯ ಹೆಂಗಸು ಮ್ಯಾಗಜೀನನ್ನು ತೆಗೆದುಕೊಂಡು ಮೇಜಿನ ಕಡೆಗೆ ತಿರುಗಿದಳು, ಅಷ್ಟೇ. ಇವರು ಎಡ ಅಂಗೈಯನ್ನು ಪಿಸ್ತೂಲಿನ ಕೆಳಗೆ ಕೊಟ್ಟರು. ಬಲಗೈ ಹಿಡಿಯ ಮೇಲೇ ಇತ್ತು. ತಲೆ ಬಾಗಿತು. ಎರಡೂ ಕೈ ಮೇಲೆದ್ದು ಪಿಸ್ತೂಲು ಮುಖದ ಕಡೆಗೆ ತಿರುಗಿತು. ನಾನು ನೋಡುತ್ತಾ ನಿಂತಿದ್ದೆ. ನನಗೆ ಅದು ಅಪಾಯ ಅನ್ನಿಸಲೇ ಇಲ್ಲ. ಕಾರು ಕೊಂಡಾಗ ಬೀಗದಕೈಯನ್ನು ಕಣ್ಣಿಗೊತ್ತಿಕೊಂಡವರು, ಮಗಳ ಶಾಲೆಯ ಹೊಸ ಪುಸ್ತಕಗಳನ್ನು ಒತ್ತಿಕೊಂಡವರು. ನನ್ನ ಕೈಯೂ ಅರ್ಧ ಎದೆಗೆ ಬಂದಿತ್ತು, ಮುಗಿಯಲು.

ಆಮೇಲಿನದು ನನಗೆ ತುಂಡುತುಂಡಾಗಿ ಕಾಣುತ್ತದೆ. ಅವಳು ತಿರುಗಿದ್ದು. ಕೂಗಿದಳೋ ಇಲ್ಲವೋ, ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರಿಂದ ಗೊತ್ತಿಲ್ಲ. ಇವರ ಮಣಿಕಟ್ಟನ್ನು ಹಿಡಿದು ಎದುರಿನ ಗುರಿಹಲಗೆಯ ಕಡೆಗೆ ತಳ್ಳಿದ್ದು. ಇವರ ಕನ್ನಡಕ ಕಳಚಿ ಬಿದ್ದದ್ದು. ಅವಳು ಪಿಸ್ತೂಲಿನ ಮೇಲುಭಾಗವನ್ನು ಹಿಂದಕ್ಕೆ ಜಗ್ಗಿದಾಗ ಹಿತ್ತಾಳೆಯ ಒಂದು ಸಣ್ಣ ಗುಂಡು ಚಿಮ್ಮಿ, ಪಕ್ಕದ ಹಲಗೆಗೆ ಬಡಿದು, ನನ್ನ ಚಪ್ಪಲಿಯ ಬಳಿ ಬಂದು ನಿಂತದ್ದು.

ನಾವಿಬ್ಬರೂ ಅದನ್ನು ನೋಡಿದೆವು. ಅವಳು ಬಗ್ಗಿ ಎತ್ತಿಕೊಂಡು ಜೇಬಿಗೆ ಹಾಕಿದಳು. ನಾವು ಕಿವಿಯ ಮುಚ್ಚಳ ತೆಗೆದ ಮೇಲೆ "ಖಲಾಸ್," ಎಂದಳು. "ಇವತ್ತಿಗೆ ಸಾಕು." ಅವಳ ತುಟಿ ಬಿಳಿಚಿತ್ತು.

ವಾಪಸು ಬರುವಾಗ ಕಾರಿನಲ್ಲಿ ಇವರು ಮೊದಲು ಸಿಟ್ಟಾಗಿ ಮಾತಾಡಿದರು. "ಹತ್ತು ವರ್ಷ ಆಗುವ ಮೊದಲೇ ಕೋವಿ ಹಿಡಿದವ ನಾನು. ಕೈ ತಿರುಚುವುದು ಎಂತಕೆ? ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ?"

"ಗುಂಡು ಇತ್ತಲ್ಲ ರೀ."

"ಇತ್ತು. ಏನಾಯ್ತು ಈಗ? ಏನೂ ಆಗಿಲ್ಲ ಅಲ್ವಾ?"

ಏನೂ ಆಗಲಿಲ್ಲ. ಆಗಿದ್ದರೆ ಯಾರಿಗಾದರೂ ಹೇಳಿಕೊಂಡು ಅಳಬಹುದಿತ್ತು. ಆಗದೇ ಹೋದದ್ದು ಮಾತ್ರ ದಿನಕ್ಕೆ ಎಷ್ಟೋ ಸಲ ನನ್ನ ಕಣ್ಣೆದುರು ಆಗುತ್ತಲೇ ಇತ್ತು. ಬೆಳಿಗ್ಗೆ ಇವರು ದೀಪದ ಆರತಿಯನ್ನು ಅಂಗೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರೆ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು. ಅಷ್ಟು ಹತ್ತಿರದಿಂದ ಹೊರಟ ಗುಂಡಿಗೆ ಎಷ್ಟು ಹೊತ್ತು ಬೇಕು ಎಂದು ಅಕ್ಕಿ ತೊಳೆಯುತ್ತಾ ಯೋಚಿಸುತ್ತಿದ್ದೆ. ನನಗೆ ಸದ್ದು ಕೇಳುವ ಮೊದಲೇ ಎಲ್ಲ ಮುಗಿದಿರುತ್ತಿತ್ತು.

"ಅಮ್ಮಾ, ವೈ ಆರ್ ಯೂ ಸ್ಟೇರಿಂಗ್ ಅಟ್ ಪಪ್ಪ?" ಎಂದು ಮಗಳು ಊಟದ ಮೇಜಿನಲ್ಲಿ ಕೇಳಿದಳು.

"ಅಮ್ಮನಿಗೆ ಈಗ ನನ್ನ ಮೇಲೆ ಲವ್ ಜಾಸ್ತಿಯಾಗಿದೆ," ಎಂದರು ಇವರು. ಅವಳು "ಯಕ್!" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಇವರು ಆ ಕಥೆಯನ್ನು ಕೆಳಗಿನ ಮಹಡಿಯವರಿಗೂ ಹೇಳಿದರು. ಈಜಿಪ್ಟಿನ ಪೈಲ್ವಾನಳು ತನ್ನನ್ನು ಮಣಿಸಿದಳೆಂದು ನಟಿಸಿ ತೋರಿಸಿದರು. ಗುಂಡಿನ ಮಾತು ಆ ಕಥೆಯಲ್ಲಿ ಇರಲಿಲ್ಲ. ನರ್ಸ್ ಸ್ನೇಹಿತರು ನಗುತ್ತಾ ನನ್ನ ಕಡೆ ನೋಡಿದವರು ನಗು ನಿಲ್ಲಿಸಿದರು. "ಅಕ್ಕಾ, ಎಂತ ಆಯ್ತು?" ಎಂದರು. "ಒಲೆ ಮೇಲೆ ಹಾಲುಂಟು," ಎಂದು ನಾನು ಎದ್ದುಹೋದೆ.

ಮುಂದಿನ ಶನಿವಾರ ಕ್ಲಬ್ಬಿಗೆ ಮತ್ತೆ ಹೊರಟೆವು. ಮೂರನೆಯ ಪಿಸ್ತೂಲೇ ಎಂದು ಇವರು ನಿರ್ಧರಿಸಿಯಾಗಿತ್ತು, ಒಪ್ಪಿಗೆ ಹೇಳಿ ಮುಂದಿನ ಕೆಲಸ ಶುರು ಮಾಡಿಸುವುದಿತ್ತು. ಬರುವುದಿಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ. ನಾನಿಲ್ಲದಾಗ ಇವರು ಅದನ್ನು ಮತ್ತೆ ಕೈಗೆತ್ತಿಕೊಳ್ಳುವುದನ್ನು ನೆನೆಯುವುದಕ್ಕಿಂತ ನೋಡುವುದೇ ವಾಸಿ ಅನ್ನಿಸಿತು. ಊರು ದಾಟಿ ಎರಡೂ ಕಡೆ ಮರಳು ಶುರುವಾಗುವವರೆಗೂ ಇವರು ರೇಡಿಯೋ ಕೇಳುತ್ತಿದ್ದರು. ಆಮೇಲೆ ಅದನ್ನು ಆರಿಸಿದರು.

"ಒಂದು ಕೇಳ್ತೇನೆ. ಸರಿಯಾಗಿ ಹೇಳಬೇಕು."

"ಕೇಳಿ."

"ನನ್ನ ಬೆರಳು ಎಲ್ಲಿತ್ತು?"

ಯಾವ ಬೆರಳು ಎಂದು ನಾನು ಕೇಳಲಿಲ್ಲ.

"ನನಗೆ ನೆನಪಾಗ್ತಾ ಇಲ್ಲ," ಎಂದರು. ಕಣ್ಣು ರಸ್ತೆಯ ಮೇಲೇ ಇತ್ತು. "ಟ್ರಿಗರಿನ ಹೊರಗೆ ಉದ್ದಕ್ಕೆ ಇಟ್ಟಿದ್ದೆ ಅಂತಲೇ ಎಣಿಸಿದ್ದೆ. ಅವಳು ಹೇಳಿಕೊಟ್ಟದ್ದೂ ಹಾಗೇ. ಆದರೆ ಆಫೀಸಿನಲ್ಲಿ ಕೂತು ಕೈ ಹಾಗೆ ಹಿಡಿದು ನೋಡ್ತೇನೆ, ಪೆನ್ನು ಹಿಡಿದು ನೋಡ್ತೇನೆ, ಬೆರಳು ಹೊರಗೆ ನಿಲ್ಲುವುದೇ ಇಲ್ಲ. ನೀನು ಪಕ್ಕದಲ್ಲೇ ಇದ್ದೆ. ನೀನು ನೋಡಿದ್ದೀ."

ಇಷ್ಟು ದಿನ ನಾನೊಬ್ಬಳೇ ಅದನ್ನು ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಹೊರಗಿತ್ತು ಎಂದರೆ ಇವರು ಇಂದು ರಾತ್ರಿ ನಿದ್ದೆ ಮಾಡುತ್ತಾರೆ, ಮತ್ತೆ ರಜೆ ರಜೆಗೂ ಅದೇ ಕೈಯಲ್ಲಿ ಅದನ್ನು ಎತ್ತುತ್ತಾರೆ. ನಾನು ಕಂಡದ್ದನ್ನೇ ಹೇಳಿದೆ.

"ಒಳಗಿತ್ತು ರೀ. ಟ್ರಿಗರಿನ ಮೇಲೆ."

"ಮೇಲೆಯೇ?"

"ಮೇಲೆಯೇ. ಅವಳು ಪಿಸ್ತೂಲು ಎಳೆದುಕೊಂಡಾಗ ಬೆರಳು ಸಿಕ್ಕಿಕೊಂಡಿತ್ತು. ಬಿಡಿಸಿ ತೆಗೆದಳು."

ಸ್ವಲ್ಪ ಮುಂದೆ ಪೆಟ್ರೋಲ್ ಬಂಕ್ ಬಂತು. ಇವರು ಇಂಡಿಕೇಟರ್ ಹಾಕಿ ನಿಧಾನವಾಗಿ ಒಳಗೆ ತಿರುಗಿಸಿ, ನೆರಳಿನಲ್ಲಿ ನಿಲ್ಲಿಸಿದರು. ಎಂಜಿನ್ ಆರಿಸಿ, ಎರಡೂ ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಕೂತರು. ಬಲಗೈಯ ತೋರುಬೆರಳನ್ನು ಎಡಗೈಯಿಂದ ಮುಚ್ಚಿದರು.

"ನಿನ್ನ ಎದುರಿಗೇ," ಎಂದರು. "ನಿನ್ನ ಎದುರಿಗೇ ಆಗ್ತಿತ್ತು."

ಆಮೇಲೆ ಫೋನ್ ಎತ್ತಿ ಕ್ಲಬ್ಬಿಗೆ ಮಾಡಿದರು. ಇಂದು ಬರುವುದಿಲ್ಲ, ಕೊಳ್ಳುವುದೂ ಇಲ್ಲ ಎಂದರು. ಅತ್ತಲಿಂದ ಏನೋ ಕೇಳಿದರು. "ನೋ, ನಾಟ್ ದಿ ಪ್ರೈಸ್," ಎಂದರು ಇವರು. ಥ್ಯಾಂಕ್ಯೂ ಹೇಳಿ ಇಟ್ಟರು.

ಎ.ಸಿ. ನಿಂತು ಕಾರು ಕಾಯತೊಡಗಿತ್ತು. ಪಕ್ಕದಲ್ಲಿ ಒಂದು ಸಂಸಾರ ಕರಕ್ ಚಾ ಹಿಡಿದುಕೊಂಡು, ಚೆಲ್ಲದ ಹಾಗೆ ಕಾರು ಹತ್ತಲು ಹೆಣಗುತ್ತಿತ್ತು. ಇವರು ಬಾಗಿಲು ತೆರೆದು ಇಳಿದು, ಸುತ್ತಿ ನನ್ನ ಕಡೆಗೆ ಬಂದರು.

"ನೀನೇ ಓಡಿಸು," ಎಂದರು. "ನನ್ನಿಂದ ಆಗುವುದಿಲ್ಲ."

ನಾನು ಆ ಹೆದ್ದಾರಿಯಲ್ಲಿ ಯಾವತ್ತೂ ಓಡಿಸಿದವಳಲ್ಲ. ಸೀಟನ್ನು ಮುಂದಕ್ಕೆ ಎಳೆದು, ಕನ್ನಡಿ ಸರಿಮಾಡಿ, ಅಬುಧಾಬಿಯ ಕಡೆಗೆ ತಿರುಗುವ ದಾರಿ ಎಲ್ಲಿ ಎಂದು ಕೇಳಿದೆ. ಇವರು ಬೆರಳು ಎತ್ತಿ ತೋರಿಸಲಿಲ್ಲ. ಬಾಯಲ್ಲೇ ಹೇಳಿದರು.