ರುದ್ರಮ್ಮ ಒತ್ತಿ ನೋಡಿದ ಕರೆಗಂಟೆಗಳು

ಶಾಲೆಗೆ ಬೇಸಿಗೆ ರಜೆ ಶುರುವಾದ ವಾರ, ಒಂದು ಮಧ್ಯಾಹ್ನ ರುದ್ರಮ್ಮ ಮುಂಬಾಗಿಲು ತೆಗೆದು ನೋಡಿದರೆ ಕೊರಿಯರಿನವನ ಮೂರನೆಯ ಚೀಟಿ ಅಂಟಿಕೊಂಡಿತ್ತು. ಬೆಲ್ ಮಾಡಿದೆವು, ಯಾರೂ ಬರಲಿಲ್ಲ, ಇನ್ನು ನೀವೇ ಬಂದು ಒಯ್ಯಿರಿ ಎಂದು ಅದರಲ್ಲಿತ್ತು. ರುದ್ರಮ್ಮನ ಕೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಅಡುಗೆಮನೆಯಿಂದ ಬಾಗಿಲಿಗೆ ಹದಿನೈದು ಹೆಜ್ಜೆಯೂ ಇಲ್ಲ. ಬೆಳಗಿನಿಂದ ಮನೆ ಬಿಟ್ಟು ಎಲ್ಲಿಗೂ ಹೋದವಳಲ್ಲ.

"ಹಾಳಾದ ಬೆಲ್ಲು," ಎಂದು ಬೈದುಕೊಂಡು ಕಾರು ತೆಗೆದಳು. ಹದಿನಾಲ್ಕು ಮೈಲಿ ದೂರದ ಕೊರಿಯರ್ ಗೋದಾಮಿನಿಂದ ತಂಗಿ ಕಳಿಸಿದ್ದ ಪೆಟ್ಟಿಗೆ ತಂದಳು. ಅದರೊಳಗೆ ಗುಳೇದಗುಡ್ಡದ ನಾಲ್ಕು ಖಣ, ಎರಡು ಡಬ್ಬಿ ಶೇಂಗಾ ಚಟ್ನಿ ಇದ್ದವು. ಗೋದಾಮಿನ ಹುಡುಗಿ ಕಂಪ್ಯೂಟರ್ ನೋಡಿ, "ಮೂರೂ ಸಲ ಬೆಲ್ ಒತ್ತಿದ್ದಾರೆ ಮೇಡಂ, ಇಲ್ಲಿ ಬರೆದಿದೆ," ಎಂದಳು. "ನನ್ನ ಬೆಲ್ ಕೆಟ್ಟು ಎರಡು ವರ್ಷವಾಯಿತು," ಎಂದು ರುದ್ರಮ್ಮ ಇಂಗ್ಲಿಷಿನಲ್ಲಿ ಹೇಳಿ ಸಹಿ ಹಾಕಿದಳು.

ರುದ್ರಮ್ಮ ದೇಶ ಬಿಟ್ಟು ಬಂದು ಅರೋರಾದಲ್ಲಿ ನೆಲೆಸಿ ಇಪ್ಪತ್ತನಾಲ್ಕು ವರ್ಷ. ಗಂಡ ಗುರುಲಿಂಗಪ್ಪ ಊರಿನ ನೀರು ಶುದ್ಧೀಕರಣ ಘಟಕಗಳಿಗೆ ನಕ್ಷೆ ಹಾಕುತ್ತಿದ್ದ ಇಂಜಿನಿಯರು. ಆರು ವರ್ಷದ ಹಿಂದೆ ತೀರಿಕೊಂಡರು. ಆಕೆ ಒಂದು ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ದಿನಕ್ಕೆ ನಾನೂರು ಮಕ್ಕಳ ಊಟ. ಅಲ್ಲಿಗೆ ಪಾತ್ರೆ ತೊಳೆಯುವ ಹೊಸ ಯಂತ್ರ ಬಂದಾಗ ಎಲ್ಲರೂ ಅದರ ಗುಂಡಿಗಳಿಗೆ ಹೆದರಿ ನಿಂತರೆ, ಈಕೆ ಅದರ ಪುಸ್ತಕವನ್ನು ಮನೆಗೆ ಒಯ್ದು ಮೂರು ದಿನ ಓದಿದ್ದಳು. ಈಗ ಯಂತ್ರ ಮುನಿಸಿಕೊಂಡರೆ ಪ್ರಿನ್ಸಿಪಾಲರು ಮೊದಲು ಕರೆಯುವುದು ರುದ್ರಮ್ಮನನ್ನೇ. ತಂದೆ ಬಸಯ್ಯನವರು ಗುಳೇದಗುಡ್ಡದಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಮಗಳು ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಯಾವ ಹಲ್ಲು ಯಾವ ಚಕ್ರವನ್ನು ತಿರುಗಿಸುತ್ತದೆ ಎಂದು ನೋಡುತ್ತಲೇ ಬೆಳೆದವಳು.

ಆ ಸಂಜೆ ಮಗಳು ಶಿವಾನಿ ಫೋನು ಮಾಡಿದಳು. ಅವಳಿರುವುದು ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ, ಐದು ತಾಸಿನ ಹಾದಿ.

"ಅವ್ವಾ, ಟಿವಿ ಸಣ್ಣ ಮಾಡು. ನಿನ್ ಮಾತೇ ನಂಗ ಕೇಳ್ಸವಲ್ದು."

"ಸಣ್ಣಗೇ ಐತಿ. ನೀ ಹೇಳು."

ಚೀಟಿಯ ಕತೆ ಕೇಳಿ ಶಿವಾನಿ, "ದಟ್ಸ್ ಇಟ್. ನಾ ಒಂದು ವಿಡಿಯೋ ಡೋರ್‌ಬೆಲ್ ಆರ್ಡರ್ ಮಾಡ್ತೀನಿ. ನಿಮ್ ಸಬ್‌ಡಿವಿಷನ್ ಮನಿಗಳ ಮುಂದ ಇಟ್ಟ ಪಾರ್ಸೆಲ್ ಬ್ಯಾರೆ ಕಳು ಆಗಾಕತ್ತಾವ. ಯಾರ್ ಬಂದ್ರು ಅಂತ ಫೋನ್‌ನ್ಯಾಗ ಕಾಣ್ತದ, ಕೂತಲ್ಲೇ ಮಾತಾಡಬಹುದು," ಎಂದಳು.

"ಎಂಥಾದು ಆರ್ಡರ್ ಮಾಡ್ತಿ?"

"ಎನಿಥಿಂಗ್, ಅವ್ವಾ. ಎಲ್ಲಾ ಒಂದೇ."

"ಎಲ್ಲಾ ಒಂದೇ ಆದ್ರ ಅಷ್ಟು ನಮೂನಿ ಯಾಕ ಮಾಡ್ತಾರವಾ? ನೀ ಏನೂ ತರಸಬ್ಯಾಡ. ನಾ ನೋಡಿ ತಗೋತೀನಿ."

ನೋಡಿ ತಗೋತೀನಿ ಎಂದದ್ದು ಬರೀ ಮಾತಲ್ಲ. ಕಂಪ್ಯೂಟರಿನಲ್ಲಿ ಚಿತ್ರ ನೋಡಿದರೆ ಎಲ್ಲವೂ ಕರಿ ಸಾಬೂನಿನ ಬಿಲ್ಲೆಯಂತೆಯೇ ಕಂಡವು. ಬಾಗಿಲಿಗೆ ಹಾಕುವ ವಸ್ತುವನ್ನು ಬಾಗಿಲಲ್ಲೇ ನೋಡಬೇಕು ಎಂದುಕೊಂಡಳು. ಮರುದಿನ ಬೆಳಿಗ್ಗೆ ಒಂದು ನೋಟ್‌ಬುಕ್ಕು, ಪೆನ್ನು ಹಿಡಿದು ತನ್ನ ಬೀದಿಗೆ ಇಳಿದಳು.

ಮೊದಲು ಹೋದದ್ದು ಮೂಲೆಮನೆಯ ಪ್ರಸಾದ್ ಮತ್ತು ಇಂದು ದಂಪತಿಗಳಲ್ಲಿಗೆ. ಮೈಸೂರಿನವರು, ಬಾಲಾಜಿ ದೇವಸ್ಥಾನದಲ್ಲಿ ಪರಿಚಯವಾದವರು. ರುದ್ರಮ್ಮ ಬೆಲ್ ಒತ್ತಿದಳು; ಗುಂಡಿಯ ಸುತ್ತ ನೀಲಿ ಬೆಳಕಿನ ಉಂಗುರ ತಿರುಗಿತು. ಪ್ರಸಾದ್ ಬಾಗಿಲು ತೆಗೆದಾಗ ಆಕೆ ಒಳಗೆ ಬರದೆ ಅಲ್ಲೇ ನಿಂತು, "ಈಗ ನಾ ಹೆಂಗ ಕಾಣಾಕತ್ತೀನಿ, ತೋರಸ್ರಿ," ಎಂದಳು.

ಅವರ ಫೋನಿನಲ್ಲಿ ಆಕೆಯ ಮೂಗು ಬದನೆಕಾಯಿಯಷ್ಟಾಗಿ, ಕಿವಿಗಳು ಎಲ್ಲೋ ಹಿಂದಕ್ಕೆ ಸರಿದು, ಕಾಲ ಬಳಿಯ ಚಪ್ಪಲಿಯವರೆಗೂ ಎಲ್ಲ ಕಾಣುತ್ತಿತ್ತು. ರುದ್ರಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಆಮೇಲೆ ಕೇಳಿದಳು: "ಈ ಚಿತ್ರ ಎಲ್ಲಿ ಇರ್ತೈತ್ರಿ?"

"ಕ್ಲೌಡ್‌ನಲ್ಲಿರುತ್ತೆ ಆಂಟಿ."

"ಅದು ಎಲ್ಲಿರ್ತೈತಿ?"

ಪ್ರಸಾದ್ ತಲೆ ಕೆರೆದುಕೊಂಡರು. "ಕಂಪನಿಯವರ ಕಂಪ್ಯೂಟರ್‌ನಲ್ಲಿ. ಎಲ್ಲಿ ಅಂತ... ನಾನೂ ಯಾವತ್ತೂ ಯೋಚನೆ ಮಾಡಿಲ್ಲ."

"ಹಂಗಾರ ನನ್ ಮೂಗು ಈಗ ಅವ್ರ ಕಡೆ ಐತೇನು?"

"ಅರವತ್ತು ದಿನ ಇರುತ್ತೆ ಆಂಟಿ," ಎಂದರು ಅವರ ಹೆಂಡತಿ ಇಂದು, ಒಳಗಿನಿಂದ ಕಾಫಿ ತರುತ್ತಾ. ರುದ್ರಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ಚಿತ್ರ ಯಾರ ಹತ್ತಿರ? ಎಷ್ಟು ದಿನ?

ಮೂರು ದಿನ ಆಕೆ ಹೀಗೆ ಮನೆ ಮನೆ ತಿರುಗಿದಳು. ಎಷ್ಟೋ ವರ್ಷದಿಂದ ಕಾರಿನೊಳಗಿಂದ ಕೈ ಬೀಸಿದ್ದಷ್ಟೇ, ಹೆಸರೂ ಗೊತ್ತಿಲ್ಲದವರ ಬಾಗಿಲುಗಳು. "ನಾನು ನಿಮ್ಮ ಬೀದಿಯವಳು, ಬೆಲ್ ಕೊಳ್ಳಬೇಕು, ನಿಮ್ಮದು ಹೇಗಿದೆ?" ಎಂದರೆ ಜನ ಮೊದಲು ಅನುಮಾನದಿಂದ ನೋಡಿ ಆಮೇಲೆ ಬಿಡದೆ ಮಾತಾಡಿದರು. ಒಂದು ಮನೆಯದು ಬ್ಯಾಟರಿಯದು. ಚಳಿಗಾಲದಲ್ಲಿ ಸೊನ್ನೆ ಫ್ಯಾರನ್‌ಹೀಟಿಗೆ ಇಳಿದರೆ ವಾರಕ್ಕೊಮ್ಮೆ ಬಿಚ್ಚಿ ಚಾರ್ಜ್ ಮಾಡಬೇಕು ಎಂದು ಮನೆಯಾಕೆ ಗೊಣಗಿದಳು. ಇನ್ನೊಂದು ಮನೆಯದು ಬೀದಿಯಲ್ಲಿ ಹೋಗುವ ಪ್ರತಿ ನಾಯಿಗೂ ಫೋನಿಗೆ ಸುದ್ದಿ ಕಳಿಸುತ್ತಿತ್ತು. ಐದನೆಯ ಮನೆಯಲ್ಲಿ ಬೆಲ್ ಒತ್ತಿದರೆ ಗೋಡೆಯೇ ಮಾತಾಡಿತು.

"ಹಲೋ, ಯಾರು ಬೇಕು?"

ರುದ್ರಮ್ಮ ಕಿವಿಯನ್ನು ಆ ಡಬ್ಬಿಗೆ ಒತ್ತಿ ಹಿಡಿದಳು. ಮನೆಯವನು ಫ್ಲಾರಿಡಾದ ಸಮುದ್ರದ ದಂಡೆಯಲ್ಲಿದ್ದ. ಅಲ್ಲಿ ಕೂತೇ ಅವನು ಹತ್ತು ನಿಮಿಷ ತನ್ನ ಬೆಲ್ಲಿನ ಗುಣದೋಷ ಹೇಳಿದ. ಸಾವಿರ ಮೈಲಿ ದೂರದವನ ಜೊತೆ ಅವನ ಮುಚ್ಚಿದ ಬಾಗಿಲ ಮುಂದೆ ನಿಂತು ಹರಟೆ ಹೊಡೆದದ್ದನ್ನು ನೆನೆದು ಆಕೆಗೆ ಆ ದಿನವೆಲ್ಲ ಬೆರಗು.

ಏಳನೆಯ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ. ಹಳೆಯ ಹಿತ್ತಾಳೆ ಗುಂಡಿ ಮಾತ್ರ. ಆದರೂ ಒತ್ತಿದಳು. ಕಿಟಕಿಯೊಳಗೆ ಒಂದು ದೀಪ ಮೂರು ಸಲ ಮಿಣುಕಿತು. ಬಾಗಿಲು ತೆಗೆದವಳು ಎತ್ತರದ, ನೆರೆಗೂದಲಿನ ಕಪ್ಪು ಹೆಂಗಸು, ಎಪ್ಪತ್ತರ ಆಸುಪಾಸು.

"ಮೂರು ದಿನದಿಂದ ನೋಡ್ತಿದ್ದೇನೆ, ಎಲ್ಲರ ಬೆಲ್ ಒತ್ತುತ್ತಿದ್ದೀಯ. ಏನು ಮಾರೋದಕ್ಕೆ ಬಂದೆ?"

"ಮಾರೋದಕ್ಕಲ್ಲ, ಕಲಿಯೋದಕ್ಕೆ," ಎಂದಳು ರುದ್ರಮ್ಮ. "ಆ ದೀಪ ಯಾಕೆ ಮಿಣುಕಿತು?"

ಆ ಹೆಂಗಸು ಜೋರಾಗಿ ನಕ್ಕಳು. ಹೆಸರು ಲೊರೇನ್. ಹುಟ್ಟಿದ್ದು ಡೆಟ್ರಾಯಿಟಿನಲ್ಲಿ, ಮೂವತ್ತು ವರ್ಷ ಕಾರ್ಖಾನೆಗಳಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡಿ ನಿವೃತ್ತಳಾದವಳು. "ತಗಡು ಒತ್ತುವ ಪ್ರೆಸ್ ಯಂತ್ರಗಳ ಪಕ್ಕ ಕೆಲಸ ಮಾಡಿ ಮಾಡಿ ಕಿವಿ ಹೋಯಿತು," ಎಂದು ಕೂದಲು ಸರಿಸಿ ಕಿವಿಯ ಹಿಂದಿನ ಪುಟ್ಟ ಯಂತ್ರ ತೋರಿಸಿದಳು. "ಇದು ಕಿವಿಯಲ್ಲಿದ್ದಾಗ ಬೆಲ್ಲು. ಇದನ್ನು ತೆಗೆದು ಮೇಜಿನ ಮೇಲಿಟ್ಟಾಗ ದೀಪ. ನಾನೇ ವೈರು ಎಳೆದದ್ದು."

ರುದ್ರಮ್ಮನಿಗೆ ಆ ದೀಪದ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡದೆ ಸಮಾಧಾನವಿರಲಿಲ್ಲ. ಇಬ್ಬರೂ ನೆಲಮಾಳಿಗೆಗೆ ಇಳಿದರು, ಮೇಲೆ ಬಂದರು, ಒಂದು ತಾಸು ಕಳೆಯಿತು. ಹೊರಡುವಾಗ ಲೊರೇನ್, "ವೈರಿನ ಬೆಲ್ಲನ್ನೇ ತಗೋ. ಆದರೆ ಮೊದಲು ನಿನ್ನ ಮನೆಯಲ್ಲಿ ಬೆಲ್ಲಿಗೆ ಕರೆಂಟು ಇಳಿಸಿ ಕೊಡುವ ಪುಟ್ಟ ಟ್ರಾನ್ಸ್‌ಫಾರ್ಮರ್ ನೋಡಬೇಕು. ಹಳೇ ಮನೆಗಳಲ್ಲಿ ಹತ್ತು ವೋಲ್ಟ್ ಇರುತ್ತದೆ, ಈ ಹೊಸ ಬೆಲ್ಲುಗಳು ಹದಿನಾರು ಕೇಳುತ್ತವೆ. ನಾಳೆ ಬರ್ತೀನಿ," ಎಂದಳು.

ಮರುದಿನ ಲೊರೇನ್ ಮೀಟರು, ಸ್ಕ್ರೂಡ್ರೈವರು ತುಂಬಿದ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲನ್ನು ದಬದಬ ಬಡಿದಳು. ಟ್ರಾನ್ಸ್‌ಫಾರ್ಮರ್ ಹುಡುಕಾಟವೇ ಒಂದು ಸಾಹಸವಾಯಿತು. ಗ್ಯಾರೇಜಿನಲ್ಲಿ ಇಲ್ಲ, ಫ್ಯೂಸ್ ಪೆಟ್ಟಿಗೆಯ ಬಳಿ ಇಲ್ಲ. ಕೊನೆಗೆ ನೆಲಮಾಳಿಗೆಯಲ್ಲಿ, ಮನೆ ಬಿಸಿ ಮಾಡುವ ಫರ್ನೇಸಿನ ಹಿಂದೆ, ಜೇಡರಬಲೆಯೊಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಬ್ಬಿಣದ ಗಟ್ಟಿ ಕಂಡಿತು. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ಅದನ್ನು ನೋಡಿರಲಿಲ್ಲವಲ್ಲ ಎಂದು ರುದ್ರಮ್ಮನಿಗೆ ಸೋಜಿಗ. ಲೊರೇನ್ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದಳು.

"ಹತ್ತು ವೋಲ್ಟ್. ನಾನು ಹೇಳಿದಂತೆಯೇ. ಆದರೆ ಬೆಲ್ ಕೆಟ್ಟಿದೆ ಎಂದೆಯಲ್ಲ? ಕರೆಂಟು ಸರಿಯಾಗಿಯೇ ಬರ್ತಿದೆ."

"ಹಾಗಾದರೆ ಗುಂಡಿ ಕೆಟ್ಟಿರಬೇಕು."

ಲೊರೇನ್ ಹೊರಗೆ ಹೋದಳು. ರುದ್ರಮ್ಮ ಒಳಗೆ, ನಡುಮನೆಯ ಗೋಡೆಯ ಮೇಲಿನ ಬೆಲ್ ಪೆಟ್ಟಿಗೆಯ ಕೆಳಗೆ ನಿಂತಳು. ಒಂದು ನಿಮಿಷದ ನಂತರ ಲೊರೇನ್ ಬಾಗಿಲ ಸಂದಿಯಿಂದ ತಲೆ ಹಾಕಿದಳು.

"ಸರಿಯಾಗಿದೆಯಲ್ಲ!"

"ಏನು ಸರಿ? ನೀನು ಒತ್ತಲೇ ಇಲ್ಲ."

"ನಾಲ್ಕು ಸಲ ಒತ್ತಿದೆ."

ರುದ್ರಮ್ಮ ಇಲ್ಲವೆಂದು ತಲೆಯಾಡಿಸಿದಳು. ಲೊರೇನ್ ಬಾಗಿಲನ್ನು ತೆರೆದೇ ಇಟ್ಟು, ಆಕೆಗೆ ಕಾಣುವಂತೆ ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದಳು. ಗೋಡೆಯೊಳಗೆ ಯಾರೋ ಉಗುರಿನಿಂದ ತಟ್ಟಿದಂತೆ ಸಣ್ಣಗೆ ಟಕ್ ಎಂದಿತು. ಅಷ್ಟೇ. ರುದ್ರಮ್ಮ ಸ್ಟೂಲು ಎಳೆದು ಹತ್ತಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ ಎರಡು ಉಕ್ಕಿನ ಪಟ್ಟಿ, ನಡುವೆ ಒಂದು ಪುಟ್ಟ ಕೋಲು. "ಇನ್ನೊಮ್ಮೆ," ಎಂದಳು. ಕೋಲು ಜಿಗಿದು ಪಟ್ಟಿಗೆ ಬಡಿಯಿತು. ಆಕೆ ಬೆರಳ ತುದಿಯನ್ನು ಪಟ್ಟಿಯ ಅಂಚಿಗೆ ತಾಗಿಸಿದಳು. "ಇನ್ನೊಮ್ಮೆ." ಉಕ್ಕು ಬೆರಳ ಕೆಳಗೆ ಝುಮ್ಮೆಂದು ನಡುಗುತ್ತಿತ್ತು, ಬಹಳ ಹೊತ್ತು. ಅಂದರೆ ಅದು ಹಾಡುತ್ತಲೇ ಇತ್ತು. ಮೂರು ಚೀಟಿಯ ದಿನಗಳಲ್ಲೂ, ಅದಕ್ಕೂ ಮುಂಚಿನ ಎರಡು ವರ್ಷವೂ.

ಸ್ಟೂಲಿನ ಮೇಲೆಯೇ ಆಕೆ ಸ್ವಲ್ಪ ಹೊತ್ತು ನಿಂತಳು. ನಾಚಿಕೆಯಾಯಿತು, ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅಡುಗೆಮನೆಯ ಗದ್ದಲದಲ್ಲಿ ಮಕ್ಕಳು ಕೇಳಿದ್ದು ತಿಳಿಯದೆ ಹಾಲಿನ ಬದಲು ಜ್ಯೂಸು ಕೊಟ್ಟದ್ದು, ದೇವಸ್ಥಾನದಲ್ಲಿ ಹಿಂದಿನಿಂದ ಕರೆದವರಿಗೆ ಓಗೊಡದೆ ಸೊಕ್ಕಿನವಳು ಎನ್ನಿಸಿಕೊಂಡದ್ದು, ಎಲ್ಲ ಒಂದರ ಹಿಂದೊಂದು ನೆನಪಾದವು.

"ನಾನೂ ನಾಲ್ಕು ವರ್ಷ ಜನ ಪಿಸುಗುಟ್ಟುತ್ತಾರೆ ಅಂತಲೇ ಜಗಳವಾಡಿದೆ," ಎಂದಳು ಲೊರೇನ್. "ಕಿವಿ ಪೂರ್ತಿ ಹೋಗೋದಿಲ್ಲ, ಮೊದಲು ಮೇಲಿನ ಸ್ವರಗಳು ಹೋಗುತ್ತವೆ. ಇಳಿ, ಚಹಾ ಮಾಡು."

ರುದ್ರಮ್ಮ ಇಳಿದಳು. ಚಹಾ ಕುಡಿಯುವಷ್ಟರಲ್ಲಿ ಆಕೆಯೊಳಗಿನ ಹಳೆಯ ಗುಣ ಎದ್ದಿತ್ತು. "ಮೇಲಿನ ಸ್ವರ ಯಾಕೆ ಮೊದಲು ಹೋಗುತ್ತದೆ?" ಎಂದು ಕೇಳಿದಳು. ಲೊರೇನಿಗೆ ಗೊತ್ತಿರಲಿಲ್ಲ.

ಬೆಲ್ ಆರಿಸುವ ಲೆಕ್ಕಾಚಾರ ಈಗ ಬದಲಾಯಿತು. ಮೊದಲಿಗೆ ಚಿತ್ರ ಚೆನ್ನಾಗಿರಬೇಕು ಎಂದಿತ್ತು. ಈಗ ಒತ್ತಿದ ಕೂಡಲೇ ಫೋನು ಅದುರಬೇಕು, ನಡುಮನೆಯ ದೀಪ ಮಿಣುಕಬೇಕು. ಚಿತ್ರಗಳು ಬೇರೆಯವರ ಕಂಪ್ಯೂಟರಿಗೆ ಹೋಗದೆ ಮನೆಯೊಳಗಿನ ಒಂದು ಪೆಟ್ಟಿಗೆಯಲ್ಲೇ ಉಳಿಯಬೇಕು ಎಂಬ ಷರತ್ತನ್ನು ಮಾತ್ರ ಬಿಡಲಿಲ್ಲ. ಅಂಥದೊಂದು ಸಿಕ್ಕಿತು. ಶನಿವಾರ ಬೆಳಿಗ್ಗೆ ಇಬ್ಬರೂ ಕರೆಂಟು ಆರಿಸಿ ಕೆಲಸಕ್ಕೆ ಕೂತರು. ಲೊರೇನ್ ಹದಿನಾರು ವೋಲ್ಟಿನ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದಳು. ಬಾಗಿಲ ಹತ್ತಿರದ ಕೆಲಸವನ್ನು ರುದ್ರಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಹಳೆಯ ಗುಂಡಿ ಬಿಚ್ಚಿ, ಎರಡು ವೈರುಗಳು ಗೋಡೆಯೊಳಗೆ ಜಾರದಂತೆ ಬಟ್ಟೆಯ ಕ್ಲಿಪ್ಪು ಹಾಕಿ, ಇಟ್ಟಿಗೆಗೆ ಡ್ರಿಲ್ ಹಿಡಿದು, ಎರಡು ಸ್ಕ್ರೂಗಳಿಗೆ ವೈರು ಸುತ್ತಿದಳು. ಮೊದಲ ಸಲ ಹಾಕಿದಾಗ ಕ್ಯಾಮೆರಾದಲ್ಲಿ ಪಕ್ಕದ ಗೋಡೆಯೇ ಅರ್ಧ ತುಂಬಿತ್ತು. ಬಿಚ್ಚಿ, ಬೆಲ್ಲಿನ ಬೆನ್ನಿಗೆ ಓರೆಯಾದ ಪ್ಲಾಸ್ಟಿಕ್ ತುಂಡು ಕೊಟ್ಟು ಮತ್ತೆ ಕೂರಿಸಿದಳು. ಎದುರುಮನೆಯ ಕಿಟಕಿ ಕಾಣುವ ಜಾಗಕ್ಕೆ ಆ್ಯಪ್‌ನಲ್ಲಿ ಕಪ್ಪು ಪಟ್ಟಿ ಬಳಿದಳು. "ಅವರು ಏನು ತಿಂತಾರೆ ಅನ್ನೋದು ನನಗ್ಯಾಕೆ?" ಎಂದಳು.

ಕರೆಂಟು ಹಾಕಿ ಲೊರೇನ್ ಒತ್ತಿದಳು. ರುದ್ರಮ್ಮನ ಸೆರಗಿನಲ್ಲಿ ಸಿಕ್ಕಿಸಿದ್ದ ಫೋನು ಗಡಗಡ ಅದುರಿತು, ದೀಪ ಮಿಣುಕಿತು, ಪರದೆಯ ಮೇಲೆ ಲೊರೇನಳ ದೊಡ್ಡ ಮೂಗು ಬಂತು. ಇಬ್ಬರೂ ಚಿಕ್ಕ ಹುಡುಗಿಯರಂತೆ ಸರದಿಯಲ್ಲಿ ಹತ್ತು ಹದಿನೈದು ಸಲ ಒತ್ತಿ ನೋಡಿದರು.

ಆ ಸಂಜೆ ರುದ್ರಮ್ಮ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದಳು. ಬೆಲ್ ಕೆಟ್ಟಿರಲಿಲ್ಲ ಎಂಬುದನ್ನೂ.

"ನಂಗ ಅನುಮಾನ ಇತ್ತವ್ವಾ. ಹೇಳಿದ್ರ ನೀ ಸಿಟ್ಟಾಗ್ತಿ ಅಂತ... ಐ ಶುಡ್ ಹ್ಯಾವ್ ಸೆಡ್ ಸಮ್‌ಥಿಂಗ್."

"ಸಿಟ್ಟು ಆಗ್ತಿದ್ದೆ," ಎಂದಳು ರುದ್ರಮ್ಮ. "ಖರೇನ ಹೇಳಬೇಕಂದ್ರ, ಭಾಳ ಸಿಟ್ಟು ಆಗ್ತಿದ್ದೆ."

ಮೂಲೆಮನೆಯ ಇಂದು ಅವರು ಹಾಫ್‌ಮನ್ ಎಸ್ಟೇಟ್ಸ್ ಊರಿನ ಒಂದು ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದರು. ಅವರೇ ಸಮಯ ಗೊತ್ತುಮಾಡಿಸಿದರು. ಅಲ್ಲಿಯ ತಜ್ಞ ಅರ್ಧ ತಾಸಿನಲ್ಲಿ ಮುಗಿಸುವ ಭೇಟಿ ರುದ್ರಮ್ಮನ ಪ್ರಶ್ನೆಗಳಿಂದಾಗಿ ಎರಡು ತಾಸಾಯಿತು. ಕಿವಿಯೊಳಗಿನ ಸಣ್ಣ ರೋಮಗಳು, ಒಳಗಿವಿಯ ಬಾಗಿಲಿಗೆ ಹತ್ತಿರದವು ಮೊದಲು ಸವೆಯುವುದು, ಎತ್ತರದ ಸ್ವರ ಹಿಡಿಯುವುದು ಅವೇ ಎಂಬುದು, ಎಲ್ಲವನ್ನೂ ಆತ ಚಿತ್ರ ಬರೆದು ತೋರಿಸಿದ. ಆಕೆ ಅದನ್ನೂ ಬರೆದುಕೊಂಡಳು, ಲೊರೇನಿಗೆ ಹೇಳಬೇಕಿತ್ತು.

ಜುಲೈ ಕೊನೆಯಲ್ಲಿ ಕಿವಿಯ ಯಂತ್ರಗಳು ಬಂದವು. ಹಾಕಿಕೊಂಡು ಕ್ಲಿನಿಕ್ಕಿನಿಂದ ಹೊರಬಿದ್ದು ಕಾರು ಹತ್ತಿದಳು. ಪಾರ್ಕಿಂಗಿನಿಂದ ಎಡಕ್ಕೆ ತಿರುಗಲು ಹೋದವಳು ಗಾಬರಿಯಾಗಿ ಮತ್ತೆ ಪಕ್ಕಕ್ಕೆ ನಿಲ್ಲಿಸಿ ಶಿವಾನಿಗೆ ಫೋನು ಮಾಡಿದಳು.

"ಕಾರಿನ್ಯಾಗ ಏನೋ ಕೆಟ್ಟೈತವಾ. ಒಂದೇ ಸವನೆ ಟಿಕ್ ಟಿಕ್ ಅನ್ನಾಕತ್ತೈತಿ."

"ಅವ್ವಾ, ಇಂಡಿಕೇಟರ್ ಹಾಕೀಯೇನು?"

"ಹೂಂ."

"ಅದೇ ಅದು. ಅದು ಯಾವಾಗ್ಲೂ ಹಂಗೇ ಸದ್ದು ಮಾಡ್ತದ."

ರುದ್ರಮ್ಮ ಇಂಡಿಕೇಟರ್ ಆರಿಸಿದಳು, ಸದ್ದು ನಿಂತಿತು. ಮತ್ತೆ ಹಾಕಿದಳು. ಬಲಕ್ಕೆ ಹಾಕಿ ನೋಡಿದಳು, ಎಡದ್ದಕ್ಕೂ ಬಲದ್ದಕ್ಕೂ ಏನಾದರೂ ವ್ಯತ್ಯಾಸವಿದೆಯೇ ಎಂದು.