ಅಕ್ಕ ಆರಿಸಿದ ಕಾರ್ಡು

ನನ್ನ ಅಕ್ಕ ಒಂದು ಔಷಧ ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಟಿಕೆಟ್ ಬುಕ್ ಮಾಡುವ ಗುಮಾಸ್ತೆ. ಮಾರಾಟದವರಿಗೆಲ್ಲ ವಿಮಾನದ ಸೀಟು ಹುಡುಕಿಕೊಡುವ ಅವಳು ತಾನು ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಪ್ರತಿ ಟಿಕೆಟ್ಟಿಗೂ ಮ್ಯಾನೇಜರು ತನ್ನ ಸ್ವಂತ ಕ್ರೆಡಿಟ್ ಕಾರ್ಡನ್ನೇ ಹಾಕಿಸುತ್ತಿದ್ದ. ದುಡ್ಡು ಕಂಪನಿಯದು, ಕಾರ್ಡು ಬಳಸಿದ್ದಕ್ಕೆ ಸಿಗುವ ಪಾಯಿಂಟು ಇವನ ಜೇಬಿಗೆ. ಅದರಲ್ಲೇ ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳನ್ನು ಬಿಟ್ಟಿಯಾಗಿ ಸುತ್ತಾಡಿಸಿಕೊಂಡು ಬರುತ್ತಿದ್ದ, ಪುಣ್ಯಾತ್ಮ.

ನಾಲ್ಕು ವರ್ಷದ ಹಿಂದೆ ನಮ್ಮಮ್ಮ ದೂರದ ಊರಿನ ನನ್ನ ಮನೆಯಲ್ಲಿ ಇವತ್ತೋ ನಾಳೆಯೋ ಎನ್ನುವಂತಿದ್ದಳು. ತಿಂಗಳ ಕೊನೆ, ಅಕ್ಕನ ಕೈ ಖಾಲಿ. ನಿಮ್ಮ ಪಾಯಿಂಟಿನಲ್ಲಿ ಒಂದೇ ಒಂದು ಟಿಕೆಟ್ ಕೊಡಿ ಸಾರ್ ಎಂದು ಕೇಳಿದಳಂತೆ. ಅದು ನಮ್ಮ ಮನೆಯವರಿಗೆ ಎತ್ತಿಟ್ಟಿದ್ದು ಎಂದವನು ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲವಂತೆ. ಅಕ್ಕ ಇಪ್ಪತ್ತೆರಡು ಗಂಟೆ ಬಸ್ಸಿನಲ್ಲಿ ಬಂದಳು. ಅಮ್ಮ ಬಾಗಿಲ ಕಡೆ ನೋಡಿ ನೋಡಿ, ಅವಳು ಬರುವ ಮೂರು ಗಂಟೆ ಮೊದಲೇ ಹೋಗಿಬಿಟ್ಟಿದ್ದಳು. ಅವನ ಮನೆ ಹಾಳಾಗ ಎಂದು ನಾನು ಬಾಯಿ ತುಂಬ ಶಪಿಸಿದೆ. ಅಕ್ಕ ಹಲ್ಲು ಕಚ್ಚಿಕೊಂಡು ಅಮ್ಮನ ತಲೆ ಬಾಚಿದಳು.

ಹೋದ ವರ್ಷ ಕಂಪನಿ ನಿಯಮ ಬದಲಿಸಿತು. ಬುಕ್ ಮಾಡುವವರ ಹೆಸರಿನ ಕಾರ್ಡೇ ಆಗಬೇಕು, ಅಗ್ಗದ ಟಿಕೆಟ್ಟೇ ಆಗಬೇಕು. ಅಕ್ಕ ಎರಡು ಕಾರ್ಡಿನ ಕಾಗದ ಹಿಡಿದುಕೊಂಡು ಅಮ್ಮನ ತಿಥಿಗೆ ನನ್ನ ಮನೆಗೆ ಬಂದಳು. ಮೊದಲನೆಯದಕ್ಕೆ ಯಾವ ವಿಮಾನವಾದರೂ ಸರಿ, ಪಾಯಿಂಟು ದುಪ್ಪಟ್ಟು. ಎರಡನೆಯದು ಒಂದು ಚಿಕ್ಕ ವಿಮಾನ ಕಂಪನಿಯದು. ಆ ಕಾರ್ಡಿದ್ದರೆ ಅವರ ಟಿಕೆಟ್ಟು ಎಲ್ಲರಿಗಿಂತ ಅಗ್ಗ, ಆದರೆ ಪಾಯಿಂಟು ನಡೆಯುವುದು ಅವರ ವಿಮಾನಕ್ಕೆ ಮಾತ್ರ, ಅದು ನಮ್ಮೂರಿಗೆ ಬರುವುದೇ ಇಲ್ಲ. ಕಣ್ಣು ಮುಚ್ಚಿಕೊಂಡು ಮೊದಲನೆಯದು ತಗೋ, ವರ್ಷಕ್ಕೆ ಎರಡು ಸಲ ನನ್ನನ್ನು ನೋಡಲು ಬರಬಹುದು ಎಂದೆ.

"ಎರಡನೇದು ತಗೊಂಡ್ರೆ ಆಫೀಸಿನವರೆಲ್ಲ ಅದರಲ್ಲೇ ಹೋಗ್ಬೇಕು ಕಣೆ, ಅವನೂ ಸೇರಿ. ಹಳೇ ವಿಮಾನದವರು ಅವನಿಗೆ ಕೊಟ್ಟಿರೋ ಗೋಲ್ಡ್ ಮೆಂಬರ್‌ಶಿಪ್ಪು, ಬೇರೆ ಕ್ಯೂ, ಮೆತ್ತನೆ ಕುರ್ಚಿ, ಅವರಲ್ಲಿ ಹಾರದೇ ಇದ್ರೆ ಎಲ್ಲಾ ಒಂದೇ ವರ್ಷಕ್ಕೆ ಹೋಗತ್ತೆ."

ಗಂಡ ಸತ್ತರೂ ಸರಿ ಸವತಿ ಮುಂಡೆಯಾಗಬೇಕು ಅನ್ನುವವಳಲ್ಲವೇ ನೀನು ಎಂದು ಬೈದೆ. ಅವಳು ಎರಡನೆಯದಕ್ಕೇ ಸಹಿ ಹಾಕಿದಳು. ಒಳಗೊಳಗೆ ನನಗೂ ಹಾಲು ಕುಡಿದಷ್ಟು ಖುಷಿಯಾಯಿತು, ಸುಳ್ಳೇಕೆ.

ಆಮೇಲೆ ಅವನ ಪ್ರತಿ ಪ್ರಯಾಣಕ್ಕೂ ಅಕ್ಕ ಕೊನೆಯ ಸಾಲಿನ ನಡುವಿನ ಸೀಟನ್ನೇ ಹುಡುಕಿ ಹಾಕಿದಳು, ಶೌಚಾಲಯದ ಮಗ್ಗುಲಲ್ಲೇ. ಅವನು ಸೊಂಟ ಹಿಡಿದುಕೊಂಡು ಬಂದಾಗಲೆಲ್ಲ ನನಗೆ ಫೋನು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ವರ್ಷ ಮುಗಿಯುವಷ್ಟರಲ್ಲಿ ಗೋಲ್ಡೂ ಹೋಯಿತು, ಬಿಟ್ಟಿ ಪ್ರವಾಸವೂ ಹೋಯಿತು.

ಮೊನ್ನೆ ಅವನೇ ಅವಳ ಮೇಜಿನ ಹತ್ತಿರ ಬಂದು ನಿಂತನಂತೆ. ನನ್ನ ಮೇಲೆ ಏನಾದರೂ ಸಿಟ್ಟಾ ಎಂದು ಮೆತ್ತಗೆ ಕೇಳಿದನಂತೆ. ಈ ಮಾತಿಗೆ ಅಕ್ಕ ನಾಲ್ಕು ವರ್ಷ ಕಾದಿದ್ದಳು.

"ನಮ್ಮಮ್ಮ ಸಾಯೋವಾಗ ನಿಮ್ಮ ಹತ್ರ ಒಂದು ಟಿಕೆಟ್ ಕೇಳಿದ್ದೆ ಸಾರ್."

ಅವನು ಹಣೆ ಉಜ್ಜಿಕೊಂಡು ಬಹಳ ಹೊತ್ತು ಯೋಚಿಸಿದನಂತೆ.

"ಕೇಳಿದ್ರಾ? ಅಯ್ಯೋ, ನಿಮ್ಮ ತಾಯಿ ಹೋಗ್ಬಿಟ್ರಾ?"

ಅಂದು ಸಂಜೆ ಫೋನಿನಲ್ಲಿ ಅಕ್ಕ ನಗಲಿಲ್ಲ. ನಾಟಕ ಆಡಿರುತ್ತಾನೆ ಬಿಡೇ, ಕಳ್ಳ, ಎಂದೆ. ಇಲ್ಲ ಕಣೆ, ನಿಜವಾಗಲೂ ಅವನಿಗೆ ನೆನಪಿಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.